ಪೊನ್ನಿ ಎದ್ದು ಹೋದ ಮೇಲೆ

"ಇದು ಮೆಡಿಕಲ್ ಕಾಲೇಜು ಸರ್. ಇಂಗ್ಲಿಷಲ್ಲಿ ಪಾಠ ಮಾಡಿ."

ಬಾಗಿಲಲ್ಲಿ ನಿಂತ ಹಿರಿಯ ಉಪನ್ಯಾಸಕಿ ಮಧುರಾಳ ದನಿಗೆ ತರಗತಿ ಸ್ತಬ್ಧವಾಯಿತು. ಹೃದಯದ ಚಿತ್ರ ಬರೆದು ತಮಿಳಿನಲ್ಲಿ ವಿವರಿಸುತ್ತಿದ್ದ ಹೊಸ ಉಪನ್ಯಾಸಕ ಸತ್ಯಾತ್ಮ ತಿರುಗಿದ. ಅವನೂ ಅವಳಂತೆ ಮೈಸೂರು ಕಡೆಯಿಂದ ಚೆನ್ನೈಗೆ ಬಂದವನು.

"ಮೊದಲು ಅರ್ಥ ಆಗ್ಲಿ ಮೇಡಂ. ಇಂಗ್ಲಿಷ್ ಹಿಂದೇನೇ ಬರುತ್ತೆ."

ಆ ಮಾತು ಅವಳಿಗೆ ಎಲ್ಲಿ ಚುಚ್ಚಿತೆಂದು ಅವನಿಗೇನು ಗೊತ್ತು...

ಹೋದ ವರ್ಷದ ವೈವಾ, ಮೌಖಿಕ ಪರೀಕ್ಷೆ. ತಿರುವೊಟ್ಟಿಯೂರಿನ ಮೀನುಗಾರರ ಹುಡುಗಿ ಪೊನ್ನಿ, ಹೃದಯದ ಕವಾಟಗಳ ಕೆಲಸವನ್ನು ತಮಿಳಿನಲ್ಲಿ ತಪ್ಪಿಲ್ಲದೆ ಹೇಳಿದ್ದಳು. ಮಧುರಾಗೆ ತಮಿಳು ಆಡಲು ಬಾರದಿದ್ದರೂ ಅರ್ಥವಾಗುತ್ತಿತ್ತು. ಆದರೂ, "ಇಂಗ್ಲಿಷಲ್ಲಿ ಹೇಳು, ಇಲ್ಲ ಎದ್ದು ಹೋಗು" ಅಂದುಬಿಟ್ಟಳು.

ಹುಡುಗಿಯ ತುಟಿ ಅದುರಿತು. ಎದ್ದು ಹೋದವಳು ಕಾಲೇಜಿಗೆ ಮತ್ತೆ ಬರಲೇ ಇಲ್ಲ.

ಅಂದಿನಿಂದ ಎದುರು ಕುರ್ಚಿಯಲ್ಲಿ ಯಾರೇ ಕೂತರೂ ಮಧುರಾಗೆ ಕಾಣುತ್ತಿದ್ದುದು ಆ ಅದುರುವ ತುಟಿಯೇ.

ದಿನ ಕಳೆದಂತೆ ಸತ್ಯಾತ್ಮನ ಜೊತೆ ಕಾಫಿ, ವಾದ, ನಗು... ಮನಸ್ಸು ಅವನತ್ತ ವಾಲಿತು. ಆಗಲೇ ಅವನ ಮೇಜಿನ ಮೇಲೆ ಪೊನ್ನಿಯ ಫೈಲ್ ಕಂಡಿತು.

'ನನ್ನ ಮೇಲೆ ದೂರು ಕೊಡೋಕೇ ಈ ಸ್ನೇಹನಾ...'

ವಾರವಿಡೀ ಮಾತು ಬಿಟ್ಟಳು. ಕೊನೆಗೆ ಅವನೇ ಬಂದು ಕೇಳಿದ.

"ಏನಾಯ್ತು ಮಧುರಾ?"

"ಪೊನ್ನಿ ಫೈಲ್ ಯಾಕೆ ತೆಗೆಸಿದ್ರಿ?"

"ಅವಳನ್ನ ವಾಪಸ್ ಸೇರಿಸ್ಕೊಳ್ಳೋ ಅರ್ಜಿಗೆ. ಅವಳ ಗೆಳತಿಯರು ಎಲ್ಲಾ ಹೇಳಿದ್ರು. ವೈವಾದಲ್ಲಿ ಯಾರಾದ್ರೂ ತಡವರಿಸಿದ್ರೆ ನೀವು ಮುಖ ತಿರುಗಿಸೋದನ್ನೂ ನೋಡಿದೀನಿ. ಇದನ್ನ ಹೊತ್ಕೊಂಡು ಇನ್ನೆಷ್ಟು ದಿನ ಇರ್ತೀರಿ?"

ಅವಳ ಕಣ್ಣು ತುಂಬಿತು.

"ನಾನೇ ಹೋಗಿ ಕರೀತೀನಿ. ಜೊತೆಗೆ ಬರ್ತೀರಾ?"

ತಿರುವೊಟ್ಟಿಯೂರಿನ ದಡದಲ್ಲಿ ಪೊನ್ನಿ ತಾಯಿಯೊಂದಿಗೆ ಮೀನು ಒಣಹಾಕುತ್ತಿದ್ದಳು.

"ಪೊನ್ನಿ... ನಾನ್... ಅನ್ನಿಕ್ಕಿ..." ನಾನು, ಆ ದಿನ, ಅಂತ ಶುರುಮಾಡಿದ ಮಧುರಾಗೆ ಮುಂದಿನ ತಮಿಳು ಪದ ಸಿಗಲಿಲ್ಲ.

ಪೊನ್ನಿ ಕಾದಳು. ಆಮೇಲೆ, "ಮೆದುವಾ ಸೊಲ್ಲುಂಗ ಮೇಡಂ" ಅಂದಳು. ನಿಧಾನವಾಗಿ ಹೇಳಿ, ಅಂತ.

ತಾನು ಕೊಡದಿದ್ದ ಆ ಒಂದು ಗಳಿಗೆಯನ್ನು ಹುಡುಗಿ ತನಗೆ ಕೊಟ್ಟಳಲ್ಲ... ಮಧುರಾ ಅಲ್ಲೇ ಬಿಕ್ಕಿಬಿಟ್ಟಳು. ಪೊನ್ನಿ ತಾಯಿಯ ಮುಖ ನೋಡಿದಳು; ಕೈ ಒರೆಸಿಕೊಂಡು ಸತ್ಯಾತ್ಮ ಚಾಚಿದ ಅರ್ಜಿಗೆ ಸಹಿ ಹಾಕಿದಳು.

ಬಸ್‌ ಸ್ಟಾಪಿನಲ್ಲಿ ಮಧುರಾ ದಡದತ್ತ ತಿರುಗಿ ನೋಡಿದಳು.

"ಅವಳು ವಾಪಸ್ ಬಂದ್ರೂ ಆ ಮುಖ ನಂಗೆ ಕಾಣ್ತಾನೇ ಇರುತ್ತೆ, ಸತ್ಯಾತ್ಮ."

"ಕಾಣಲಿ. ನೀವೊಬ್ರೇ ನೋಡ್ಬೇಡಿ, ಅಷ್ಟೆ."

"ಅಂದ್ರೆ?"

"ನಂಗೆ ನೀವು ಇಷ್ಟ. ಜೀವನಪೂರ್ತಿ ಜೊತೆಗಿರ್ತೀನಿ, ಅಂತ."

ಅವಳು ಅವನ ಕೈ ಹಿಡಿದುಕೊಂಡಳು.

"ಹಾಗಾದ್ರೆ ಇನ್ನು ಈ 'ನೀವು' ಬೇಡ."

"ಸರಿ. ಮೊದ್ಲು ನೀನು ಕಣ್ಣೊರೆಸ್ಕೊ."