ಬಾಗಿಲುಗೋಪುರದ ಕಬ್ಬಿಣದ ಬಳೆ

ಬೆಳಿಗ್ಗೆ ಮೆಹ್ನಾಜ್ ನಮ್ಮ ಅಂಗಳಕ್ಕೆ ಬಂದಾಗ ಅವಳ ತಲೆವಸ್ತ್ರದ ಮೇಲೆ ಮರದ ಹೊಟ್ಟು ಹಾಗೇ ಇತ್ತು. ರಸ್ತೆಗಾಗಿ ಕೆಡವಿದ, ಇರಾನಿನ ನಮ್ಮ ಯಜ್ದ್ ಊರಿನ ಹಳೆಯ ಮನೆಗಳ ಬಾಗಿಲುಗಳನ್ನು ಆರಿಸಿ ತಂದು ಅವಳು ಚೌಕದಲ್ಲಿ ಗೋಪುರ ಕಟ್ಟಿದ್ದಳು. ಸಂಜೆ ಅದರ ಉದ್ಘಾಟನೆ. ಒಂದು ಬಾಗಿಲನ್ನು ಬಡಿಯುವ ಕಬ್ಬಿಣದ ಬಳೆ ರಾತ್ರಿ ಕಳುವಾಗಿತ್ತು. ಸಂಜೆಯೊಳಗೆ ಕಳ್ಳ ಸಿಗದಿದ್ದರೆ ಕಾವಲಿನ ಬಾಬಾ ಕುರ್ಬಾನ್‌ನನ್ನು ನಗರಸಭೆಯವರು ಕೆಲಸದಿಂದ ತೆಗೆಯುತ್ತಾರಂತೆ.

ನಮ್ಮ ಬೀದಿಯ ಕಳವು, ಕಗ್ಗಂಟುಗಳೆಲ್ಲ ನನ್ನ ಅತ್ತಿಗೆ ತೂರಾನ್ ಖಾನುಂ ಬಳಿಗೇ ಬರುತ್ತಿದ್ದವು. ಹಲ್ಲಿನಲ್ಲಿ ಕಚ್ಚಿದ್ದ ಸಕ್ಕರೆಯ ತುಂಡು ಕರಗುವತನಕ ಚಹಾ ಹೀರಿ ಅವರು ಎದ್ದರು. ಎಂದಿನಂತೆ ಏನೂ ಅರ್ಥವಾಗದೆ ನಾನೂ ಅವರ ಹಿಂದೆ ಚೌಕಕ್ಕೆ ಹೊರಟೆ.

ಹಳೆಯ ಬಾಗಿಲುಗಳಿಗೆಲ್ಲ ಇರುವಂತೆ ಬಳೆ ಕಳೆದ ಬಾಗಿಲಿಗೂ ಬಡಿಯುವ ಕೊಂಡಿಗಳು ಎರಡಿದ್ದವು. ಗಂಡಸರು ಬಡಿಯಲು ಹಿತ್ತಾಳೆಯ ದಪ್ಪ ಸರಳು, ಹೆಂಗಸರಿಗೆ ಕಬ್ಬಿಣದ ಬಳೆ. ಸದ್ದು ಕೇಳಿಯೇ ಒಳಗಿನವರಿಗೆ ಯಾರು ಬಾಗಿಲು ತೆಗೆಯಬೇಕೆಂದು ತಿಳಿಯುತ್ತಿತ್ತು. ಕಳ್ಳ ಹಿತ್ತಾಳೆಯನ್ನು ಮುಟ್ಟಿರಲಿಲ್ಲ. ನನ್ನ ತಲೆ ಕೆಟ್ಟುಹೋಯಿತು.

"ಗುಜರಿ ಹೈದರ್ ಇರಬಹುದಾ?" ಎಂದೆ.

"ಹೈದರ್ ನಿನ್ನ ಚಿನ್ನದ ಹಲ್ಲನ್ನೇ ಬಿಡಲ್ಲ. ಹಿತ್ತಾಳೆ ಬಿಡ್ತಾನಾ?" ಎಂದರು ಖಾನುಂ.

ರಾತ್ರಿಯೆಲ್ಲ ಏನೂ ಕೇಳಿಸಲಿಲ್ಲ ಎಂದ ಬಾಬಾ ಕುರ್ಬಾನ್. ಖಾನುಂ ಅವನು ಚಹಾಕ್ಕೆ ನೀರು ಕಾಯಿಸುವ ಸಮೋವರ್ ಮುಟ್ಟಿ ನೋಡಿದರು. ಇನ್ನೂ ಬಿಸಿ ಇತ್ತು.

"ಬಾಬಾ, ನೀವು ಎಚ್ಚರವಾಗೇ ಇದ್ರಿ. ಯಾಕೆ ಹೊರಗೆ ಬರ್ಲಿಲ್ಲ?"

ಮುದುಕ ಗಡ್ಡ ಕೆರೆದುಕೊಂಡ. "ಬೆಳಗಿನ ನಮಾಜಿನ ಹೊತ್ತಿಗೆ ಬಳೆ ಸದ್ದಾಯ್ತು, ಖಾನುಂ. ಹೆಂಗಸರ ಬಡಿತ. ಗಂಡಸಾಗಿ ನಾನು ಎದ್ದು ಹೋಗೋದಾ? ಪೊಲೀಸರಿಗೆ ಹೇಳಿದ್ರೆ ನಗ್ತಾರೆ."

ಬಾಗಿಲುಗಳನ್ನು ಉಜ್ಜುತ್ತಿದ್ದ ಸಹಾಯಕಿ ಫರಂಗೀಸ್ ತಲೆ ಎತ್ತಲಿಲ್ಲ. ಅವಳ ಬೆರಳ ಗೆಣ್ಣುಗಳು ನೀಲಿಗಟ್ಟಿದ್ದವು. ಉಜ್ಜಿ ಉಜ್ಜಿ ಹೀಗಾಯಿತು ಎಂದಳು. ಮಧ್ಯಾಹ್ನ ತಾಯಿಗೆ ಉಣಿಸಲು ಮನೆಗೆ ಓಡುವಳು, ಬಾಗಿಲು ತೆಗೆಸುವುದರಲ್ಲೇ ಹೊತ್ತು ಹೋಗುತ್ತದಂತೆ ಎಂದು ಮೆಹ್ನಾಜ್ ದೂರಿದಳು.

ಮಧ್ಯಾಹ್ನ ಖಾನುಂ ನಮ್ಮೆಲ್ಲರನ್ನೂ ಫರಂಗೀಸಳ ಮನೆಗೇ ಕರೆದೊಯ್ದರು. ಕಿರಿದಾದ ಮೆಟ್ಟಿಲು ಹತ್ತಿ ನಿಂತರೆ, ಎದುರಿನ ಬಾಗಿಲ ಮೇಲೆ ಆ ಬಳೆ.

"ದುಡ್ಡಿಗೆ ಕದಿಯೋರು ಹಿತ್ತಾಳೆ ಒಯ್ತಿದ್ರು," ಎಂದರು ಖಾನುಂ. "ಇವಳು ಕೀಳೋ ಮೊದಲು ಬಡಿದು ನೋಡಿದ್ಲು. ಬೇಕಿದ್ದದ್ದು ಕಬ್ಬಿಣ ಅಲ್ಲ, ಸದ್ದು. ಆ ಸದ್ದಿನ ಗುರುತು ಆ ಬಾಗಿಲಿದ್ದ ಹಳೇ ಮನೇಲಿ ಬೆಳೆದವಳಿಗೆ ಮಾತ್ರ ಇರೋದು. ಮಗಳೇ, ಉಜ್ಜಿದ್ರೆ ಅಂಗೈ ಸವೆಯತ್ತೆ. ಗೆಣ್ಣು ನೀಲಿಗಟ್ಟೋದು ಬಾಗಿಲು ಬಡಿದ್ರೆ."

"ಕರೆಗಂಟೆ ಕೇಳಿದ್ರೆ ಅಮ್ಮ ಮಂಚದಡಿ ಸೇರ್ಕೋತಾಳೆ," ಎಂದಳು ಫರಂಗೀಸ್, ಮೆಹ್ನಾಜ್ ಕಡೆ ತಿರುಗಿ. "ಮೊನ್ನೆ ಒಳಗಿಂದ ಅಗಳಿ ಹಾಕ್ಕೊಂಡು ದಿನವೆಲ್ಲ ಹಸಿದಿದ್ಲು. ನಾನು ಹೊರಗೆ ಬಡೀತಾನೇ ಇದ್ದೆ. ಬಳೆ ಕೊಡಿ ಅಂತ ಕೇಳಿದ್ರೆ ನೀವು ನಗರಸಭೆಯ ಆಸ್ತಿ ಅಂತಿದ್ರಿ. ಬಾಬಾನ ಕೆಲಸಕ್ಕೆ ಕುತ್ತು ಬರತ್ತೆ ಅಂತ ಗೊತ್ತಿರ್ಲಿಲ್ಲ."

ಮೆಹ್ನಾಜ್ ಬಳೆ ಎತ್ತಿ ಬಡಿದಳು. ತೆಳ್ಳನೆಯ ಸದ್ದು. ಒಳಗೆ ಚಪ್ಪಲಿ ಸರಿದಾಡಿತು.

"ಬಂದೆ ತಾಯೀ, ಬಂದೆ." ಅಗಳಿ ಸರಿಯಿತು. ಬಾಬಾ ಕುರ್ಬಾನ್ ಗೋಡೆಯ ಕಡೆ ತಿರುಗಿ ನಿಂತ. ಮುದುಕಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಯಾರನ್ನೂ ಗುರುತಿಸಲಿಲ್ಲ, ಮಗಳನ್ನೂ. ಆದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಸಂಜೆ ಮೆಹ್ನಾಜ್, ಬಳೆಯನ್ನು ತಾನೇ ತೆಗೆಸಿದ್ದೆಂದು ಅಧಿಕಾರಿಗೆ ಹೇಳಿದಳು. ಬಾಬಾನ ಕೆಲಸ ಉಳಿಯಿತು. ಗೋಪುರದಲ್ಲಿ ಬಳೆಯಿದ್ದ ಕಡೆ ಮರದ ಮೇಲೆ ಸವೆದ ಗುರುತೊಂದೇ ಉಳಿದಿತ್ತು. ಜನ ಅದನ್ನು ಸವರಿ, ಇಲ್ಲಿದ್ದದ್ದು ಎಲ್ಲಿ ಹೋಯಿತೆಂದು ಕಾವಲುಗಾರನನ್ನು ಕೇಳುತ್ತಿದ್ದರು.

"ಕೆಲಸದ ಮೇಲೆ ಹೋಗಿದೆ," ಎನ್ನುತ್ತಿದ್ದ ಬಾಬಾ ಕುರ್ಬಾನ್.