ಎಲೆ ಮಡಚಿದ ಮೇಲೆ

ಗೆಳತಿಯ ಮದುವೆಯೂಟ. ಆಫೀಸಿನ ಗಂಡಸರೆಲ್ಲ ಬಡಿಸಲು ನಿಂತಿದ್ದರು. ಸಜೀಶ ಸಾಂಬಾರಿನ ಬಕೆಟ್ ಹಿಡಿದು ಪಂಕ್ತಿಯ ಆ ತುದಿಯಿಂದ ಬರುವುದನ್ನು ಕಂಡ ಲಿಜಿನ, ಕರವಸ್ತ್ರದ ಮರೆಯಲ್ಲಿ ಹಲ್ಲಿಗೆ ತೊಟ್ಟ ಪ್ಲಾಸ್ಟಿಕ್ ಸ್ಪ್ಲಿಂಟ್ ತೆಗೆದು ಬಾಳೆಲೆಯಡಿ ತಳ್ಳಿದಳು.

ನಿದ್ದೆಯಲ್ಲಿ ಹಲ್ಲು ಕಡಿದು ಕಡಿದು ಅವಳ ದವಡೆ ನೋಯುತ್ತಿತ್ತು. ತಿಂಗಳು ಪೂರ್ತಿ ಹಗಲೂ ರಾತ್ರಿ ಇದನ್ನು ಹಾಕಿರಬೇಕು, ಊಟಕ್ಕೆ ಮಾತ್ರ ತೆಗೆಯಬೇಕು ಎಂದಿದ್ದರು ಡಾಕ್ಟರು. "ನಿನ್ನ ಕಟ್ಕೊಂಡೋನು ಮಂಚದಡಿ ಇಲಿ ಹುಡುಕ್ತಾನೆ" ಎಂದು ತಂಗಿ ನಕ್ಕಿದ್ದಳು. ಸ್ಪ್ಲಿಂಟ್ ಬಾಯಲ್ಲಿದ್ದರೆ 'ಸ', 'ಶ' ಎಲ್ಲ 'ಥ' ಆಗುತ್ತಿತ್ತು. ಹೋದ ವಾರ ವಡಗರದ ಬಸ್‌ಸ್ಟ್ಯಾಂಡಿನಲ್ಲಿ ಸಜೀಶ, "ನಿಮ್ಮನೇಗೆ ಬಂದು ಹೆಣ್ಣು ಕೇಳ್ಲಾ?" ಎಂದಾಗ ಅವಳು ಬಾಯಿ ಮುಚ್ಚಿಕೊಂಡು ಬಸ್ ಹತ್ತಿದ್ದು ಆ ನಾಚಿಕೆಗೇ. ಅವನು ಅದನ್ನು 'ಬೇಡ' ಎಂದುಕೊಂಡ. ನಾಳೆ ಕಣ್ಣೂರಿಗೆ ಹೆಣ್ಣು ನೋಡಲು ಹೊರಟಿದ್ದಾನೆ.

ಇವತ್ತಾದರೂ ನೆಟ್ಟಗೆ ಹೇಳಬೇಕು.

"ಸಾಂಬಾರ್?" ಅವನು ಎಲೆಯನ್ನಷ್ಟೇ ನೋಡಿದ.

"ಸ್ವಲ್ಪ." ಅವಳಿಂದ ಹೊರಟದ್ದು ಅಷ್ಟೇ.

ಪಾಯಸ ಮುಗಿಸಿ, ರೂಢಿಯಂತೆ ಎಲೆಯನ್ನು ತನ್ನ ಕಡೆಗೆ ಮಡಚಿ ಎದ್ದಳು. ಕೈ ತೊಳೆಯುವಾಗ ನಾಲಿಗೆ ಬರೀ ಹಲ್ಲಿಗೆ ತಾಗಿತು. ಓಡಿಬಂದು ನೋಡಿದರೆ ಮೇಜಿಗೆ ಹಾಸಿದ ಕಾಗದದ ಸಮೇತ ಎಲೆಗಳೆಲ್ಲ ಹಿತ್ತಲು ಸೇರಿದ್ದವು.

ಜರಿಯಂಚಿನ ಕಸವು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಂಜಲೆಲೆಗಳ ರಾಶಿ ಕೆದಕತೊಡಗಿದಳು.

"ಪಾಯಸ ಸಾಲಲಿಲ್ವೇನೇ?"

ಸಜೀಶ. ಅವಳಿಗೆ ಆ ರಾಶಿಯೊಳಗೇ ಹುದುಗಿಬಿಡಬೇಕೆನಿಸಿತು. "ಸಜೀಶೇಟ್ಟ, ಹೋಗಿ. ನೋಡ್ಬೇಡಿ." ವಯಸ್ಸಿಗೆ ಹಿರಿಯನಾದ ಅವನನ್ನು ಅವಳು 'ಏಟ್ಟ' ಸೇರಿಸಿಯೇ ಕರೆಯುತ್ತಿದ್ದಳು.

"ಏನ್ ಕಳ್ಕೊಂಡೆ, ಓಲೆನಾ?"

"ಹಲ್ಲಿಗೆ ಹಾಕೋದು. ಹಾಕಿದ್ರೆ ತೊದಲ್ತೀನಿ. ಅದಕ್ಕೇ ಅವತ್ತು ನಾನು..." ಅವಳು ಇನ್ನೊಂದು ಎಲೆ ಬಿಡಿಸಿದಳು.

ಅವನು ಉಟ್ಟ ಮುಂಡು ಎತ್ತಿ ಕಟ್ಟಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತ. "ಸರಿ. ಆ ಕಡೆ ನೀನು, ಈ ಕಡೆ ನಾನು."

ಕೊನೆಗೆ ಅವನಿಗೇ ಸಿಕ್ಕಿತು, ನುಗ್ಗೆಕಾಯಿ ಸಿಪ್ಪೆ ಅಂಟಿಸಿಕೊಂಡು. ನಲ್ಲಿಯ ಹತ್ತಿರ ಮೂರು ಸಲ ಸೋಪು ಹಾಕಿ, ಒಂದೊಂದೇ ಹಲ್ಲಿನ ಗುಳಿ ಸವರಿ ತೊಳೆದ. ತನ್ನ ಬಾಯೊಳಗನ್ನೇ ಅವನು ನೋಡಿಬಿಟ್ಟಂತೆ ಅವಳ ಕಿವಿ ಬಿಸಿಯಾಯಿತು.

"ಹಾಕ್ಕೋ. ಅವತ್ತು ಹೇಳ್ಬೇಕಿದ್ದದ್ದನ್ನ ಅವತ್ತಿನ ಬಾಯಲ್ಲೇ ಹೇಳು."

"ನಗ್ತೀರಿ."

"ನಗ್ತೀನಿ. ಆದ್ರೂ ಹೇಳು."

ಕೈ ತೊಳೆದು, ಆ ಕಡೆ ತಿರುಗಿ ಹಾಕಿಕೊಂಡಳು. "ಥಜೀಥೇಟ್ಟ, ನಾಳೆ ಹೋಗ್ಬೇಡಿ."

ಅವನು ನಗಲಿಲ್ಲ. "ಇನ್ನೊಂದ್ಸಲ. ಹೆಸರು ಮಾತ್ರ."

ಅಭ್ಯಾಸಬಲದಿಂದ ಬಾಯಿ ಮುಚ್ಚಿಕೊಳ್ಳಲು ಹೋದಳು. ಕೈ ಆಗಲೇ ಅವನ ಒದ್ದೆ ಕೈಯಲ್ಲಿತ್ತು. ಹಾಗೆಯೇ ಹೇಳಿದಳು.