ಗಡಿಯಾರದವನ ಕೋಟು

ಮಂಗಳವಾರ ಬೆಳಿಗ್ಗೆ, ಊರಿನ ಗೋಪುರದ ಗಡಿಯಾರ ನೋಡಿಕೊಳ್ಳುವ ಗಡಿಯಾರದವನು ಅಂಗಡಿಯ ಬಾಗಿಲಲ್ಲೇ ನಿಂತು ಹೇಳಿಬಿಟ್ಟ. "ಟೈಲರಮ್ಮ, ನನ್ನ ತಂಗಿ ಮದುವೆ ಗೊತ್ತಾಯ್ತು. ಬಂದರಿನ ಸಾಹುಕಾರರು, ಅವರಿಗೆ ಎರಡನೇ ಸಂಬಂಧ. ಭಾನುವಾರವೇ ಹಡಗು ಹತ್ತಿಸಿಬಿಡ್ತೀನಿ."

"ಅವಳು ಒಪ್ಪಿದ್ಲಾ ಅಣ್ಣ?"

"ಅವಳನ್ನ ಕೇಳೋದೇನಿದೆ?"

ಸೂಜಿ ಬೆರಳಿಗೆ ಚುಚ್ಚಿತು. ಟೈಲರಮ್ಮ ನಕ್ಕಳು. ನಗದಿದ್ದರೆ ಕಿರುಚಿಬಿಡುತ್ತಿದ್ದಳು. ಎಂಟು ತಿಂಗಳ ಹಿಂದೆ ಅವನ ತಂಗಿ ಜಾಕೀಟಿಗೆ ಅಳತೆ ಕೊಡಲು ಬಂದಿದ್ದಳು, ಟೇಪು ಹಿಡಿದ ಇವಳ ಕೈಯನ್ನು ಹಿಡಿದುಕೊಂಡಿದ್ದಳು. ಗೆಳತಿಯರು ಅಂತ ಊರು ತಿಳಿದಿತ್ತು. ಅವಳಿಲ್ಲದ ಊರಿನಲ್ಲಿ ಒಂದು ದಿನ ಬದುಕುವುದು ಇವಳಿಂದ ಸಾಧ್ಯವಿರಲಿಲ್ಲ.

ತಮಾಷೆಯೆಂದರೆ ಅವರಿಬ್ಬರ ಅಂಚೆಯವನು ಈ ಅಣ್ಣನೇ. ಭಾನುವಾರ ತಂಗಿ ಅವನ ಕೋಟಿನ ಒಂದು ಗುಂಡಿ ಕಿತ್ತು, ಅಸ್ತರಿನೊಳಗೆ ಕಾಗದ ತೂರಿಸುವಳು. ಸೋಮವಾರ ಅವನು ಕೋಟು ತಂದುಕೊಡುವನು. "ಎಂಥ ದಾರ ಹಾಕ್ತೀರಮ್ಮ, ವಾರಕ್ಕೊಂದು ಗುಂಡಿ ಉದುರುತ್ತೆ!" ಎಂದು ಗೊಣಗಿಕೊಂಡೇ ಎಂಟು ತಿಂಗಳು ಪ್ರೇಮಪತ್ರ ಹೊತ್ತ ಪುಣ್ಯಾತ್ಮ.

ಉಪಾಯವನ್ನು ಟೈಲರಮ್ಮ ಹುಡುಕಬೇಕಾಗಲೇ ಇಲ್ಲ, ಎಲ್ಲೋ ಕೇಳಿದ ಮಾತಿನಂತೆ ಥಟ್ಟನೆ ನೆನಪಿಗೆ ಬಂತು. ಗೋಪುರದ ಮೇಲಿಂದ ಮೂರನೇ ಮರದ ಮೆಟ್ಟಿಲು ಅಲ್ಲಾಡುತ್ತದೆಂದು ಅವನು ಮುನ್ಸಿಪಾಲ್ಟಿಗೆ ಮೂರು ಅರ್ಜಿ ಕೊಟ್ಟಿದ್ದ, ಕಂಡಕಂಡವರ ಹತ್ತಿರ ಹೇಳಿಕೊಂಡಿದ್ದ. ಅದು ಮುರಿದರೆ ಯಾರೂ ಹುಬ್ಬೇರಿಸುವುದಿಲ್ಲ. ಗೋಪುರದ ಬಾಗಿಲಿಗೆ ಬೀಗವೂ ಇರಲಿಲ್ಲ, ಗಂಟೆ ಕದಿಯುವವರುಂಟೇ?

ಗುರುವಾರ ಅವನು ಮನೆಗೆ ಊಟಕ್ಕೆ ಹೋದಾಗ ಅವಳು ಮೇಲೆ ಹತ್ತಿದಳು. ಗಡಿಯಾರ ಹನ್ನೆರಡು ಹೊಡೆಯಿತು. ಆ ಸದ್ದಿನಲ್ಲಿ ಇಕ್ಕಳ ಹಾಕಿ ನಾಲ್ಕು ಮೊಳೆ ಕಿತ್ತಳು. ತುಕ್ಕು ಹಿಡಿದ ಮೊಳೆಗಳನ್ನು ತಾವಾಗಿ ಉದುರಿದಂತೆ ಕೆಳಗೆ ಚೆಲ್ಲಿದಳು. ಹಲಗೆಯನ್ನು ಸುಮ್ಮನೆ ಕೂರಿಸಿ ಬಂದಳು.

ಉಳಿದದ್ದು ಕೋಟು. ಶುಕ್ರವಾರ ಐದಕ್ಕೆ ಅವನು ಗಡಿಯಾರಕ್ಕೆ ಕೀಲಿ ಕೊಡುವುದು ವಾಡಿಕೆ. ಮೇಲಿನ ಗಾಳಿಗೆ ಹೆದರಿ ಕೋಟಿಲ್ಲದೆ ಹತ್ತುವವನಲ್ಲ. ಈ ವಾರ ಮೊಣಕೈಗೆ ತೇಪೆ ಹಾಕುವ ಕೆಲಸವೂ ಇದ್ದುದರಿಂದ ಸೋಮವಾರದಿಂದ ಕೋಟು ಅಂಗಡಿಯಲ್ಲೇ ಇತ್ತು. ನಾಲ್ಕೂವರೆಗೆ ಅವನು ಬಂದಾಗ ತೇಪೆ, ಗುಂಡಿ, ಇಸ್ತ್ರಿ ಎಲ್ಲ ಮುಗಿದಿತ್ತು. ಅವಳೇ ಕೈಯಾರೆ ತೊಡಿಸಿದಳು.

"ಪರವಾಗಿಲ್ವೇ, ಹೊಸದರ ಹಾಗಿದೆ," ಅಂದ ಪಾಪ.

ಐದು ಗಂಟೆಗೆ ಅವಳು ಪೊಲೀಸ್ ದಫೇದಾರರ ಹೆಂಡತಿಯ ತೋಳಿನ ಅಳತೆ ತೆಗೆಯುತ್ತಿದ್ದಳು. ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಬೀದಿಯಲ್ಲಿ ಕೂಗು ಎದ್ದಾಗ ಮೊದಲು ಓಡಿದವಳು ದಫೇದಾರರ ಹೆಂಡತಿ.

ಆಮೇಲೆ ಟೈಲರಮ್ಮನಿಗೆ ಎಲ್ಲರ ಮೇಲೂ ಗುಮಾನಿ. ಶನಿವಾರ ಬೆಳಿಗ್ಗೆ ದಫೇದಾರರು ಬಂದು, "ಮುನ್ಸಿಪಾಲ್ಟಿಯವರೇ ಕೊಂದ್ರು ನೋಡಿ," ಅಂದಾಗಲೂ, ಇಷ್ಟು ಮರುಕ ಯಾಕಪ್ಪಾ ಇವರಿಗೆ ಅನ್ನಿಸಿತು. ಇಕ್ಕಳದ ಕಡೆ ನೋಡಿದರೇ? ಇಲ್ಲ, ಗೋಡೆಯ ಕನ್ನಡಿ ನೋಡಿ ಮೀಸೆ ತಿದ್ದಿಕೊಂಡು ಹೋದರು. ಅವಳು ಲೆಕ್ಕ ಹಾಕಿದಳು: ಮೊಳೆ, ಬಾಗಿಲು, ಹೊತ್ತು, ಸಾಕ್ಷಿ. ಎಲ್ಲಿಯೂ ತೂತಿಲ್ಲ.

ಮಧ್ಯಾಹ್ನ ಹಿಂಬಾಗಿಲಿನಿಂದ ತಂಗಿ ಬಂದಳು. ಇವಳ ಹೆಗಲ ಮೇಲೆ ಬಿದ್ದು ಅತ್ತಳು. ಎಷ್ಟಾದರೂ ಒಡಹುಟ್ಟಿದವನು. ಇವಳು ತಲೆ ಸವರುತ್ತ, ಇನ್ನು ಯಾವ ಹಡಗೂ ಇಲ್ಲ, ಯಾವ ಸಾಹುಕಾರನೂ ಇಲ್ಲ ಎಂದು ಒಳಗೊಳಗೇ ಹಿಗ್ಗಿದಳು. ಅವಳನ್ನು ಉಳಿಸಿಕೊಂಡಿದ್ದಳು.

"ಈ ಸಲ ನೀನು ಉತ್ತರ ಇಟ್ಟಿದ್ಯೇನೇ?" ತಂಗಿ ಕಣ್ಣೊರೆಸಿಕೊಂಡು ಕೇಳಿದಳು. "ಕೋಟು ಮನೆಗೇ ಬರ್ಲಿಲ್ಲ. ಡಾಕ್ಟ್ರು ಕತ್ತರಿ ಹಾಕಿ ಬಿಚ್ಚಿದ್ರಂತೆ. ಈಗ ತಾನೇ ದಫೇದಾರರು ಅದನ್ನ ಠಾಣೆಗೆ ತಗೊಂಡು ಹೋದ್ರು."

ಟೈಲರಮ್ಮನ ಕೈ ಅವಳ ಕೂದಲಲ್ಲೇ ನಿಂತಿತು. ಉತ್ತರ ಇಟ್ಟಿದ್ದಳು. ಎಂದಿನಂತೆ ಸೋಮವಾರವೇ, ಮದುವೆಯ ಸುದ್ದಿ ಕಿವಿಗೆ ಬೀಳುವ ಮೊದಲು, ನಗುನಗುತ್ತ ಬರೆದು ಅಸ್ತರಿನೊಳಗಿಟ್ಟು ಹೊಲಿದಿದ್ದಳು. ಆಮೇಲೆ ನಾಲ್ಕು ದಿನ ಆ ಕೋಟನ್ನು ಎದುರಿಗಿಟ್ಟುಕೊಂಡು ತೇಪೆ ಹಾಕಿದ್ದಳು, ಇಸ್ತ್ರಿ ಮಾಡಿದ್ದಳು. ಒಮ್ಮೆಯೂ ನೆನಪಾಗಿರಲಿಲ್ಲ. ಈಗ ಒಂದೊಂದು ಅಕ್ಷರವೂ ನೆನಪಾಯಿತು: "ನಿಮ್ಮಣ್ಣನ ಆ ಮೂರನೇ ಮೆಟ್ಟಿಲಿನ ಮೊಳೆ ಯಾರಾದರೂ ಕಿತ್ತರೆ ಸಾಕು ಕಣೇ, ನಮಗೆ ಅಂಚೆಯವನೇ ಬೇಕಾಗುವುದಿಲ್ಲ." ಕೆಳಗೆ ತನ್ನದೇ ಹೆಸರು.